ಟ್ರಿಬ್-3 ನಿಜಕ್ಕೂ ಇನ್ಸುಲಿನ್‌ಗೆ ಅಡ್ಡಿಯೇ? ಲಿವರ್‌ನ ಒಂದು ಪ್ರಕರಣ ಅಧ್ಯಯನ

2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಅಮೆರಿಕದ ಸಾಲ್ಕ್ ಸಂಸ್ಥೆಯ ಮಾರ್ಕ್ ಮಾಂಟ್‌ಮಿನಿ ಅವರ ತಂಡ ಬರೆದದ್ದು. ಲಿವರ್ ಕೋಶದಲ್ಲಿ ಟ್ರಿಬ್-3 ಎಂಬ ಪ್ರೋಟೀನ್ ಜಾಸ್ತಿಯಾದರೆ ಇನ್ಸುಲಿನ್ ತನ್ನ ಕೆಲಸ ಮಾಡಲಾಗುವುದಿಲ್ಲ, ರಕ್ತದ ಸಕ್ಕರೆ ಏರುತ್ತದೆ ಎಂಬುದು ಅದರ ಸಾರ. 2007ರಲ್ಲಿ ‘ಡಯಾಬಿಟಿಸ್’ ಪತ್ರಿಕೆಯಲ್ಲಿ ಇನ್ನೊಂದು ಪ್ರಬಂಧ ಬಂತು. ಅದು ಟ್ರಿಬ್-3 ಜೀನನ್ನೇ ತೆಗೆದು ಬೆಳೆಸಿದ ಇಲಿಗಳ ಬಗ್ಗೆ. ಆ ಇಲಿಗಳ ಲಿವರ್ ಇನ್ಸುಲಿನ್‌ಗೆ ಉಳಿದ ಇಲಿಗಳಂತೆಯೇ ಸ್ಪಂದಿಸಿತು. ಸಕ್ಕರೆಯಲ್ಲೂ ವ್ಯತ್ಯಾಸ ಕಾಣಲಿಲ್ಲ.

ಇನ್ಸುಲಿನ್‌ಗೆ ಅಡ್ಡಿ ಮಾಡುವ ಪ್ರೋಟೀನನ್ನು ತೆಗೆದುಹಾಕಿದರೆ ಇನ್ಸುಲಿನ್ ಇನ್ನೂ ಚೆನ್ನಾಗಿ ಕೆಲಸ ಮಾಡಬೇಕಿತ್ತು ಅಲ್ವಾ? ಹಾಗಾಗಲಿಲ್ಲ. ಹಾಗಂತ ಮೊದಲ ಪ್ರಬಂಧವನ್ನು ಯಾರೂ ಮರೆತೂ ಬಿಡಲಿಲ್ಲ. ಇಂದಿಗೂ ಮಧುಮೇಹದ ಬಗ್ಗೆ ಬರೆಯುವವರು ಅದನ್ನು ಉಲ್ಲೇಖಿಸುತ್ತಾರೆ. ಟ್ರಿಬ್-3 ಬಗ್ಗೆ ಇರುವ ಗೊಂದಲವೆಲ್ಲ ಈ ಒಂದು ಪ್ರಕರಣದಲ್ಲೇ ಅಡಗಿದೆ ಎಂದು ನನಗನ್ನಿಸುತ್ತದೆ. ಕ್ಯಾನ್ಸರ್, ಪಾರ್ಕಿನ್ಸನ್ಸ್, ಕಿಡ್ನಿ ಕಾಯಿಲೆ, ಎಲ್ಲದರಲ್ಲೂ ಈ ಪ್ರೋಟೀನಿನ ಹೆಸರು ಕೇಳಿಬರುತ್ತದೆ. ಒಂದು ಕಡೆ ಕೆಡುಕು ಮಾಡುತ್ತದೆ ಅನ್ನುತ್ತಾರೆ, ಇನ್ನೊಂದು ಕಡೆ ಕಾಪಾಡುತ್ತದೆ ಅನ್ನುತ್ತಾರೆ. ಲಿವರ್‌ನ ಕಥೆಯನ್ನು ನಿಧಾನವಾಗಿ ಬಿಡಿಸಿ ನೋಡಿದರೆ ಈ ಎರಡೂ ಮಾತು ಹೇಗೆ ಹುಟ್ಟುತ್ತವೆ ಅಂತ ಗೊತ್ತಾಗುತ್ತದೆ.

ಹುಸಿ ಕೈನೇಸ್ ಅಂದರೆ ಏನು

ಕೈನೇಸ್ ಎಂಬುದು ಒಂದು ಬಗೆಯ ಪ್ರೋಟೀನ್. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುವುದು ಅದರ ಕೆಲಸ. ಫಾಸ್ಫೇಟ್ ಅಂಟಿದ ಪ್ರೋಟೀನ್ ಚುರುಕಾಗಬಹುದು, ಮಂಕಾಗಬಹುದು, ಇಲ್ಲವೇ ಜಾಗ ಬದಲಿಸಬಹುದು. ಕೋಶದೊಳಗಿನ ಬಹುತೇಕ ಸಂದೇಶಗಳು ಸಾಗುವುದು ಹೀಗೆಯೇ. ಮನುಷ್ಯನಲ್ಲಿ ಸುಮಾರು 500 ಕೈನೇಸ್‌ಗಳಿವೆ. ಅವುಗಳಲ್ಲಿ ಹತ್ತರಲ್ಲಿ ಒಂದರಷ್ಟು ನೋಡಲು ಕೈನೇಸ್‌ನಂತೆಯೇ ಇದ್ದರೂ ಆ ರಾಸಾಯನಿಕ ಕೆಲಸಕ್ಕೆ ಬೇಕಾದ ಮುಖ್ಯ ಭಾಗಗಳನ್ನು ಕಳೆದುಕೊಂಡಿವೆ. ಅವೇ ಹುಸಿ ಕೈನೇಸ್‌ಗಳು.

ಟ್ರಿಬ್-3 ಅಂಥದ್ದೇ ಒಂದು. ಮನುಷ್ಯನ ಟ್ರಿಬ್-3ರಲ್ಲಿ 358 ಅಮೈನೋ ಆಮ್ಲಗಳಿವೆ. ಅದರ ಜೀನ್ 20ನೇ ಕ್ರೋಮೋಸೋಮಿನಲ್ಲಿದೆ. ನಡುಭಾಗ ಕೈನೇಸ್ ಆಕಾರದ್ದು. ಆದರೆ ಎಟಿಪಿಯ ಜೊತೆ ಬರುವ ಲೋಹದ ಅಯಾನನ್ನು ಹಿಡಿಯಬೇಕಾದ ಜಾಗದಲ್ಲಿ ಅಮೈನೋ ಆಮ್ಲಗಳು ಬದಲಾಗಿವೆ. ಬಾಲದ ಕಡೆ ಎರಡು ಚಿಕ್ಕ ತುಣುಕುಗಳಿವೆ. ಒಂದು ಕಾಪ್1 ಎಂಬ ಪ್ರೋಟೀನನ್ನು ಹಿಡಿಯುತ್ತದೆ, ಇನ್ನೊಂದು ಮೆಕ್1 ಎಂಬ ಕೈನೇಸನ್ನು. ಈ ಕಾಪ್1 ಬಹಳ ಮುಖ್ಯ. ಯಾವ ಪ್ರೋಟೀನನ್ನು ಕೋಶ ಒಡೆದುಹಾಕಬೇಕೋ ಅದಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸುವ ಕಿಣ್ವ ಅದು.

ಅಂದರೆ ಟ್ರಿಬ್-3 ಒಬ್ಬ ಮಧ್ಯವರ್ತಿಯ ಹಾಗೆ. ತನ್ನ ಕೈಯಿಂದ ಯಾವ ಸರಕೂ ತಯಾರಾಗುವುದಿಲ್ಲ. ಇಬ್ಬರನ್ನು ಒಂದೆಡೆ ಸೇರಿಸುತ್ತದೆ, ಇಲ್ಲವೇ ಸೇರದಂತೆ ನಡುವೆ ನಿಲ್ಲುತ್ತದೆ. ಹಾಗಾಗಿ ಅದರ ಕೆಲಸ ಏನು ಎಂಬುದು ಅದೊಂದನ್ನೇ ನೋಡಿದರೆ ತಿಳಿಯುವುದಿಲ್ಲ. ಆ ಕೋಶದಲ್ಲಿ ಯಾರ್ಯಾರು ಇದ್ದಾರೆ, ಎಷ್ಟಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದಿನ ಜಗಳವೆಲ್ಲ ಇದರ ಸುತ್ತಲೇ ಇದೆ.

ಈ ಕುಟುಂಬ ಚೆನ್ನಾಗಿ ಪರಿಚಯವಾದದ್ದು ಹಣ್ಣುನೊಣದಲ್ಲಿ. 2000ದಲ್ಲಿ ಬೇರೆ ಬೇರೆ ತಂಡಗಳು ಟ್ರಿಬಲ್ಸ್ ಎಂಬ ಜೀನಿನ ಬಗ್ಗೆ ಬರೆದವು. ನೊಣದ ಭ್ರೂಣ ಒಳಮುಖವಾಗಿ ಮಡಚಿಕೊಳ್ಳುವ ಹೊತ್ತಿನಲ್ಲಿ ಅಲ್ಲಿನ ಕೋಶಗಳು ಒಡೆದು ಎರಡಾಗಬಾರದು. ಆ ಸಮಯದಲ್ಲಿ ವಿಭಜನೆ ಶುರುವಾದರೆ ಮಡಿಕೆ ಕೆಡುತ್ತದೆ. ಕೋಶ ವಿಭಜನೆಗೆ ಚಾಲನೆ ಕೊಡುವ ಸ್ಟ್ರಿಂಗ್ ಎಂಬ ಪ್ರೋಟೀನನ್ನು ಒಡೆಸಿಹಾಕುವ ಮೂಲಕ ಟ್ರಿಬಲ್ಸ್ ಇದನ್ನು ತಡೆಯುತ್ತದೆ. ತಾನು ಒಡೆಯುವುದಿಲ್ಲ, ಒಡೆಸುತ್ತದೆ. ಮನುಷ್ಯನಲ್ಲಿ ಈ ಕುಟುಂಬದ ಮೂವರಿದ್ದಾರೆ: ಟ್ರಿಬ್-1, ಟ್ರಿಬ್-2, ಟ್ರಿಬ್-3.

ಒತ್ತಡ ಬಂದಾಗ ಮಾತ್ರ ಎದ್ದು ಬರುವ ಪ್ರೋಟೀನ್

ಮೂವರಲ್ಲಿ ಟ್ರಿಬ್-3 ಬೇರೆಯಾಗಿ ಕಾಣುವುದು ಒತ್ತಡದ ವಿಷಯದಲ್ಲಿ. 1999ರಲ್ಲೇ ಇದರ ಸುಳಿವು ಸಿಕ್ಕಿತ್ತು. ನರಕೋಶದಂತಹ ಕೋಶಗಳಿಗೆ ಬೇಕಾದ ಬೆಳವಣಿಗೆಯ ಅಂಶವನ್ನು ನಿಲ್ಲಿಸಿದಾಗ, ಅವು ಸಾಯುವ ಮುನ್ನ ಒಂದು ಜೀನ್ ಜೋರಾಗಿ ಕೆಲಸ ಶುರು ಮಾಡಿತು. ಅದಕ್ಕೆ ಆಗ ಕೊಟ್ಟ ಹೆಸರು ಎನ್‌ಐಪಿಕೆ. ಅದೇ ಇವತ್ತಿನ ಟ್ರಿಬ್-3.

ಕೋಶಕ್ಕೆ ಒತ್ತಡ ಅಂದರೆ ಏನು? ಪ್ರೋಟೀನುಗಳನ್ನು ಸರಿಯಾಗಿ ಮಡಚುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನಲ್ಲಿ ಕೆಲಸ ಮಿತಿಮೀರಬಹುದು. ಅಮೈನೋ ಆಮ್ಲ ಸಾಲದೆ ಹೋಗಬಹುದು. ಆಮ್ಲಜನಕ ಕಡಿಮೆಯಾಗಬಹುದು. ಕಾರಣ ಯಾವುದೇ ಇರಲಿ, ಈ ಸುದ್ದಿಗಳೆಲ್ಲ ಬಂದು ಸೇರುವ ಒಂದು ಜಾಗವಿದೆ. ಅದು ಪ್ರೋಟೀನ್ ತಯಾರಿಕೆ ಶುರುವಾಗಲು ಬೇಕಾದ ಇಐಎಫ್2-ಆಲ್ಫಾ ಎಂಬ ಪ್ರೋಟೀನ್. ಅದಕ್ಕೆ ಫಾಸ್ಫೇಟ್ ಅಂಟಿದ ಕೂಡಲೇ ಕೋಶ ಹೊಸ ಪ್ರೋಟೀನ್ ತಯಾರಿಕೆಯನ್ನು ಒಟ್ಟಾರೆ ಕಡಿಮೆ ಮಾಡುತ್ತದೆ. ಆದರೆ ಎಟಿಎಫ್4 ಎಂಬ ಪ್ರೋಟೀನ್ ಮಾತ್ರ ಆಗ ಹೆಚ್ಚು ತಯಾರಾಗುತ್ತದೆ. ಎಟಿಎಫ್4 ಹೋಗಿ ಚಾಪ್ ಎಂಬ ಇನ್ನೊಂದು ಪ್ರೋಟೀನನ್ನು ಎಬ್ಬಿಸುತ್ತದೆ. ಇವೆರಡೂ ಸೇರಿ ಟ್ರಿಬ್-3 ಜೀನನ್ನು ಎಬ್ಬಿಸುತ್ತವೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನ ಒತ್ತಡದಿಂದ ಟ್ರಿಬ್-3ರವರೆಗಿನ ಈ ದಾರಿಯನ್ನು 2005ರಲ್ಲಿ ಜಪಾನಿನ ತಂಡವೊಂದು ಸ್ಪಷ್ಟವಾಗಿ ತೋರಿಸಿತು. ಮನುಷ್ಯನ ಟ್ರಿಬ್-3 ಜೀನಿನ ಮುಂಭಾಗದಲ್ಲಿ 33 ಅಕ್ಷರಗಳ ಒಂದು ಡಿಎನ್‌ಎ ತುಣುಕು ಮತ್ತೆ ಮತ್ತೆ ಬರುತ್ತದೆ. ಎಟಿಎಫ್4 ಬಂದು ಕೂರುವ ಜಾಗ ಅದರಲ್ಲೇ ಇದೆ. ಈ ತುಣುಕು ಎಷ್ಟು ಸಲ ಬರುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಒಂದೇ ಒತ್ತಡಕ್ಕೆ ಇಬ್ಬರ ಕೋಶಗಳು ಬೇರೆ ಬೇರೆ ಪ್ರಮಾಣದ ಟ್ರಿಬ್-3 ತಯಾರಿಸಬಹುದಾದ ಸಾಧ್ಯತೆ ಇಲ್ಲೇ ಶುರುವಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಎದ್ದುಬಂದ ಟ್ರಿಬ್-3 ತನ್ನನ್ನು ಎಬ್ಬಿಸಿದ ಎಟಿಎಫ್4 ಮತ್ತು ಚಾಪ್‌ಗಳನ್ನೇ ಹಿಡಿದು ಅವುಗಳ ಜೋರು ತಗ್ಗಿಸುತ್ತದೆ. ಒತ್ತಡದ ಪ್ರತಿಕ್ರಿಯೆ ಅತಿಯಾಗದಂತೆ ನೋಡಿಕೊಳ್ಳುವ ವ್ಯವಸ್ಥೆ ಇದು. ಸಣ್ಣ ಒತ್ತಡ ಬಂದು ಹೋದರೆ ಕೋಶ ಬದುಕುತ್ತದೆ. ಒತ್ತಡ ಬಿಡದೆ ಮುಂದುವರಿದರೆ ಟ್ರಿಬ್-3 ಮಟ್ಟ ಏರುತ್ತಲೇ ಹೋಗಿ ಕೋಶದ ಸಾವಿಗೂ ಕೈಜೋಡಿಸುತ್ತದೆ. 2005ರ ಅದೇ ಪ್ರಬಂಧದಲ್ಲಿ ಟ್ರಿಬ್-3 ಕಡಿಮೆ ಮಾಡಿದ ಕೋಶಗಳು ಇಂಥ ಒತ್ತಡದಲ್ಲಿ ಕಡಿಮೆ ಸತ್ತವು. 2007ರಲ್ಲಿ ಬೇರೊಂದು ತಂಡ, ಎಟಿಎಫ್4 ಅತಿಯಾದಾಗ ಟ್ರಿಬ್-3 ಕೋಶವನ್ನು ಕಾಪಾಡುತ್ತದೆ ಎಂದು ತೋರಿಸಿತು. ಎರಡೂ ಫಲಿತಾಂಶಗಳನ್ನು ನಾನು ನಂಬುತ್ತೇನೆ. ಒತ್ತಡ ಎಷ್ಟು ಹೊತ್ತು ಇತ್ತು, ಎಷ್ಟು ಜೋರಾಗಿತ್ತು ಎಂದು ಕೇಳಿದರೆ ಅವು ಒಂದನ್ನೊಂದು ಅಲ್ಲಗಳೆಯುವುದಿಲ್ಲ.

ಪ್ರಕರಣ: ಎಕೆಟಿಯನ್ನು ಹಿಡಿದವರು ಯಾರು

ಈಗ ಲಿವರ್‌ಗೆ ಬರೋಣ. ಊಟವಾದ ಮೇಲೆ ಇನ್ಸುಲಿನ್ ಏರುತ್ತದೆ. ಲಿವರ್ ಕೋಶದ ಹೊರಮೈಯಲ್ಲಿರುವ ಗ್ರಾಹಕಕ್ಕೆ ಅದು ಬಂದು ಕೂರುತ್ತದೆ. ಒಳಗೆ ಸಂದೇಶ ಸಾಗಿ ಕೊನೆಗೆ ಎಕೆಟಿ ಎಂಬ ಕೈನೇಸ್ ಚುರುಕಾಗುತ್ತದೆ. ಎಕೆಟಿ ಪೂರ್ತಿ ಚುರುಕಾಗಲು ಅದರ ಎರಡು ಜಾಗಗಳಿಗೆ ಫಾಸ್ಫೇಟ್ ಅಂಟಬೇಕು: 308ನೇ ಅಮೈನೋ ಆಮ್ಲಕ್ಕೆ ಒಂದು, 473ನೇದಕ್ಕೆ ಒಂದು. ಚುರುಕಾದ ಎಕೆಟಿ ಲಿವರ್‌ಗೆ ಎರಡು ಮಾತು ಹೇಳುತ್ತದೆ. ಸಕ್ಕರೆ ತಯಾರಿಸುವುದನ್ನು ನಿಲ್ಲಿಸು. ಇರುವುದನ್ನು ಗ್ಲೈಕೋಜನ್ ಮಾಡಿ ಇಟ್ಟುಕೋ. ಹಸಿದಾಗ ಇದು ತಿರುಗುಮುರುಗಾಗುತ್ತದೆ. ಆಗ ಎಕೆಟಿ ಸುಮ್ಮನಿರಬೇಕು, ಲಿವರ್ ರಕ್ತಕ್ಕೆ ಸಕ್ಕರೆ ಬಿಡಬೇಕು. ಇಲ್ಲದಿದ್ದರೆ ಮೆದುಳಿಗೆ ತೊಂದರೆ.

ಮಾಂಟ್‌ಮಿನಿ ತಂಡ ಎಕೆಟಿಗೆ ಅಂಟಿಕೊಳ್ಳುವ ಪ್ರೋಟೀನುಗಳನ್ನು ಹುಡುಕುತ್ತಿತ್ತು. ಯೀಸ್ಟ್ ಕೋಶಗಳಲ್ಲಿ ಪ್ರೋಟೀನುಗಳ ಜೋಡಿ ಪತ್ತೆಹಚ್ಚುವ ಒಂದು ವಿಧಾನವಿದೆ. ಅದರಲ್ಲಿ ಟ್ರಿಬ್-3 ಸಿಕ್ಕಿತು. ಮುಂದೆ ಒಂದೊಂದಾಗಿ ಸಾಕ್ಷ್ಯಗಳು ಸೇರಿದವು. ಉಪವಾಸವಿದ್ದ ಇಲಿಗಳ ಲಿವರ್‌ನಲ್ಲಿ ಟ್ರಿಬ್-3 ಹೆಚ್ಚಾಗಿತ್ತು. ಡಿಬಿ/ಡಿಬಿ ಎಂಬ ಮಧುಮೇಹಿ ಇಲಿಗಳ ಲಿವರ್‌ನಲ್ಲಿ ಅದರ ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನಿನಿಂದ ಬರುವ ನಕಲು) ಮತ್ತು ಪ್ರೋಟೀನ್ ಎರಡೂ ಹೆಚ್ಚಾಗಿದ್ದವು. ಟ್ರಿಬ್-3 ನೇರವಾಗಿ ಎಕೆಟಿಯನ್ನು ಹಿಡಿದು ಅದಕ್ಕೆ ಫಾಸ್ಫೇಟ್ ಅಂಟದಂತೆ ತಡೆಯಿತು. ಕೊನೆಗೆ, ಆರೋಗ್ಯವಂತ ಇಲಿಗಳ ಲಿವರ್‌ನಲ್ಲಿ ಮಧುಮೇಹಿ ಇಲಿಗಳಲ್ಲಿ ಇರುವಷ್ಟೇ ಟ್ರಿಬ್-3 ಬರುವಂತೆ ಮಾಡಿದರು. ಆ ಇಲಿಗಳ ರಕ್ತದ ಸಕ್ಕರೆ ಏರಿತು. ಗ್ಲೂಕೋಸ್ ಕೊಟ್ಟಾಗ ಅದನ್ನು ಸಂಭಾಳಿಸಲು ಅವಕ್ಕೆ ಆಗಲಿಲ್ಲ.

ಈ ಕೊನೆಯ ಹೆಜ್ಜೆ ನನಗೆ ಬಹಳ ಇಷ್ಟ. ಪ್ರಯೋಗಾಲಯದಲ್ಲಿ ಯಾವುದೇ ಪ್ರೋಟೀನನ್ನು ವಿಪರೀತ ತುಂಬಿದರೆ ಏನಾದರೂ ಒಂದು ಎಡವಟ್ಟು ಆಗಿಯೇ ಆಗುತ್ತದೆ. ಅದು ಯಾವುದಕ್ಕೂ ಪುರಾವೆಯಲ್ಲ. ಇವರು ಕಾಯಿಲೆಯಲ್ಲಿ ಕಂಡ ಮಟ್ಟಕ್ಕೇ ನಿಲ್ಲಿಸಲು ಪ್ರಯತ್ನಿಸಿದರು. ಅದಕ್ಕೇ ಆ ಪ್ರಬಂಧಕ್ಕೆ ಅಷ್ಟು ತೂಕ ಬಂತು.

2004ರಲ್ಲಿ ಅದೇ ಗುಂಪು ಇನ್ನೊಂದು ಕೊಂಡಿ ಸೇರಿಸಿತು. ಹಸಿವಿನಲ್ಲಿ ಎಚ್ಚರಗೊಳ್ಳುವ ಪಿಜಿಸಿ-1 ಎಂಬ ಪ್ರೋಟೀನ್, ಪಿಪಿಎಆರ್-ಆಲ್ಫಾ ಎಂಬ ಇನ್ನೊಂದು ಪ್ರೋಟೀನಿನ ಮೂಲಕ ಟ್ರಿಬ್-3 ಜೀನನ್ನು ಎಬ್ಬಿಸುತ್ತದೆ ಎಂದು ತೋರಿಸಿತು. ಲಿವರ್‌ನಲ್ಲಿ ಟ್ರಿಬ್-3 ಕಡಿಮೆ ಮಾಡಿದಾಗ ಇಲಿಗಳು ಗ್ಲೂಕೋಸನ್ನು ಚೆನ್ನಾಗಿ ನಿಭಾಯಿಸಿದವು. 2005ರಲ್ಲಿ ಇಟಲಿಯಿಂದ ಮನುಷ್ಯರ ಮಾಹಿತಿಯೂ ಬಂತು. ಟ್ರಿಬ್-3ರ 84ನೇ ಜಾಗದಲ್ಲಿ ಸಾಮಾನ್ಯವಾಗಿ ಗ್ಲುಟಮಿನ್ ಇರುತ್ತದೆ. ಕೆಲವರಲ್ಲಿ ಅಲ್ಲಿ ಆರ್ಜಿನಿನ್ ಇರುತ್ತದೆ. ಆರ್ಜಿನಿನ್ ಇರುವ ರೂಪ ಎಕೆಟಿಯ ಕೆಲಸವನ್ನು ಇನ್ನೂ ಹೆಚ್ಚು ತಡೆಯುತ್ತದೆ, ಆ ರೂಪ ಇರುವವರಲ್ಲಿ ಇನ್ಸುಲಿನ್ ಪ್ರತಿರೋಧ, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಸ್ಥಿತಿ, ಹೆಚ್ಚು ಕಾಣುತ್ತದೆ ಎಂದು ಆ ಅಧ್ಯಯನ ಹೇಳಿತು. ಯೀಸ್ಟ್, ಇಲಿ, ಮನುಷ್ಯ. ಮೂರು ಕಡೆಯಿಂದಲೂ ಒಂದೇ ಉತ್ತರ. ಇನ್ನೇನು ಬೇಕು ಅನ್ನಿಸುವ ಹಂತ ಅದು.

ಎದುರು ಸಾಕ್ಷ್ಯ

2005ರಲ್ಲೇ ‘ಬಯೋಕೆಮಿಕಲ್ ಜರ್ನಲ್’ನಲ್ಲಿ ಪ್ಯಾಟ್ರಿಕ್ ಇನೆಜಿಯನ್ ಅವರ ಪ್ರಬಂಧ ಬಂತು. ಲಿವರ್‌ನಿಂದ ನೇರವಾಗಿ ತೆಗೆದ ಕೋಶಗಳಲ್ಲಿ ಅವರು ಟ್ರಿಬ್-3 ಹೆಚ್ಚಿಸಿ ನೋಡಿದರು. ಇನ್ಸುಲಿನ್ ಕೊಟ್ಟಾಗ ಎಕೆಟಿಗೆ ಫಾಸ್ಫೇಟ್ ಅಂಟುವುದು ಕಡಿಮೆಯಾಗಲಿಲ್ಲ. ಇನ್ಸುಲಿನ್‌ನಿಂದ ಎಚ್ಚರಗೊಳ್ಳುವ ಗ್ಲೂಕೋಕೈನೇಸ್ ಜೀನ್ ಕೂಡ ಎಂದಿನಂತೆ ಕೆಲಸ ಮಾಡಿತು. ಇನ್ಸುಲಿನ್ ಸಂದೇಶವನ್ನು ಟ್ರಿಬ್-3 ತಡೆಯುತ್ತದೆ ಎನ್ನಲು ಈ ಕೋಶಗಳಲ್ಲಿ ಪುರಾವೆಯಿಲ್ಲ ಎಂಬುದನ್ನು ಅವರು ಶೀರ್ಷಿಕೆಯಲ್ಲೇ ಹೇಳಿದ್ದರು.

ನಂತರ 2007ರ ಇಲಿಗಳು. ಹುಟ್ಟಿನಿಂದಲೇ ಟ್ರಿಬ್-3 ಇಲ್ಲದಿದ್ದರೂ ಅವು ಆರೋಗ್ಯವಾಗಿ ಬೆಳೆದವು. ಲಿವರ್‌ನಲ್ಲಿ ಎಕೆಟಿ ಎಂದಿನಂತೆ ಚುರುಕಾಯಿತು. ಇಡೀ ದೇಹದ ಗ್ಲೂಕೋಸ್ ಹತೋಟಿಯೂ ಸರಿಯಾಗಿತ್ತು.

ಇಲ್ಲಿ ಎರಡು ಬಗೆಯ ಓದುಗರು ಎರಡು ಬಗೆಯ ತೀರ್ಪು ಕೊಟ್ಟರು. ಜೀನ್ ತೆಗೆದರೂ ಏನೂ ಆಗದಿದ್ದರೆ ಆ ಜೀನಿಗೆ ಅಲ್ಲಿ ಪಾತ್ರವೇ ಇಲ್ಲ ಎಂದರು ಕೆಲವರು. ಹುಟ್ಟಿನಿಂದಲೇ ಇಲ್ಲದ ಪ್ರೋಟೀನಿನ ಕೆಲಸವನ್ನು ದೇಹ ಬೇರೆ ದಾರಿಯಿಂದ ಸರಿದೂಗಿಸಿಕೊಂಡಿರುತ್ತದೆ ಎಂದರು ಉಳಿದವರು. ಎರಡೂ ಆತುರದ ಮಾತು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದಾಗಿ, ಟ್ರಿಬ್-3 ಸದಾಕಾಲ ಇರುವ ಪ್ರೋಟೀನ್ ಅಲ್ಲ. ಒತ್ತಡವಿಲ್ಲದ ಆರೋಗ್ಯವಂತ ಲಿವರ್‌ನಲ್ಲಿ ಅದು ಇರುವುದೇ ಕಡಿಮೆ. ಹೆಚ್ಚೇನೂ ಇಲ್ಲದ್ದನ್ನು ತೆಗೆದರೆ ಹೆಚ್ಚೇನೂ ಬದಲಾಗದಿರುವುದು ಸಹಜ. 2003ರ ವಾದದ ಜೀವಾಳ ಇದ್ದದ್ದು ಕಾಯಿಲೆಯ ಲಿವರ್‌ನಲ್ಲಿ, ಟ್ರಿಬ್-3 ಮಾಮೂಲಿಗಿಂತ ಮೇಲೇರಿದ ಸ್ಥಿತಿಯಲ್ಲಿ. ಆರೋಗ್ಯವಂತ ಇಲಿಯ ಫಲಿತಾಂಶ ಆ ವಾದವನ್ನು ಪೂರ್ತಿ ಕೆಡವುವುದಿಲ್ಲ. ಆದರೆ ಉಪವಾಸದಲ್ಲಿ ಇನ್ಸುಲಿನ್ ಹತೋಟಿಗೆ ಟ್ರಿಬ್-3 ಬೇಕೇ ಬೇಕು ಎಂಬ ಅರ್ಧಭಾಗವನ್ನು ಖಂಡಿತ ಅಲುಗಾಡಿಸುತ್ತದೆ.

ಎರಡನೆಯದು ಪ್ರಮಾಣದ ಲೆಕ್ಕ. ಇದರ ಬಗ್ಗೆ ಸಾಕಷ್ಟು ಮಾತಾಡುವುದಿಲ್ಲ ಎಂಬ ಬೇಸರ ನನಗಿದೆ. ಟ್ರಿಬ್-3 ಕಿಣ್ವವಾಗಿದ್ದರೆ ಒಂದು ಅಣು ಸಾವಿರ ಅಣುಗಳ ಮೇಲೆ ಕೆಲಸ ಮಾಡಬಹುದಿತ್ತು. ಅದು ಕಿಣ್ವವಲ್ಲ. ಎಕೆಟಿಯನ್ನು ಹಿಡಿದು ನಿಲ್ಲಿಸಬೇಕೆಂದರೆ ಒಂದು ಎಕೆಟಿಗೆ ಒಂದು ಟ್ರಿಬ್-3 ಬೇಕು. ಎಕೆಟಿ ಕೋಶದಲ್ಲಿ ಧಾರಾಳವಾಗಿರುವ ಪ್ರೋಟೀನ್. ಟ್ರಿಬ್-3 ಬೇಗ ಒಡೆದುಹೋಗುವ ಪ್ರೋಟೀನ್. ಎಷ್ಟು ಎಕೆಟಿಗೆ ಎಷ್ಟು ಟ್ರಿಬ್-3 ಎಂಬ ಲೆಕ್ಕ ಗೊತ್ತಿಲ್ಲದೆ ‘ತಡೆಯುತ್ತದೆ’ ಅಂತಲೂ ಹೇಳಲಾಗದು, ‘ತಡೆಯುವುದಿಲ್ಲ’ ಅಂತಲೂ ಹೇಳಲಾಗದು. ಜೊತೆಗೆ, ಅದೇ ಟ್ರಿಬ್-3ಗಾಗಿ ಎಟಿಎಫ್4, ಚಾಪ್, ಕಾಪ್1, ಮೆಕ್1 ಎಲ್ಲವೂ ಕಾದು ನಿಂತಿರುತ್ತವೆ. ಒಂದು ತಂಡದ ಕೋಶಗಳಲ್ಲಿ ಟ್ರಿಬ್-3 ಎಕೆಟಿಯ ಬಳಿ ಹೋಗಿ, ಇನ್ನೊಂದು ತಂಡದ ಕೋಶಗಳಲ್ಲಿ ಬೇರೆಯವರ ಬಳಿ ಹೋಗಿದ್ದರೆ ಫಲಿತಾಂಶಗಳು ಬೇರೆಯಾಗಲೇಬೇಕು.

ಲಿವರ್‌ನಿಂದ ಹೊರಗೆ ಬಂದಾಗ

ಪ್ರಕರಣಕ್ಕೆ ನಿಜವಾದ ತಿರುವು ಸಿಕ್ಕಿದ್ದು ಲಿವರ್ ಬಿಟ್ಟು ಉಳಿದ ಅಂಗಗಳನ್ನು ನೋಡಿದಾಗ. 2006ರಲ್ಲಿ ಮಾಂಟ್‌ಮಿನಿ ತಂಡವೇ ‘ಸೈನ್ಸ್’ನಲ್ಲಿ ಕೊಬ್ಬಿನ ಅಂಗಾಂಶದ ಬಗ್ಗೆ ಬರೆಯಿತು. ಅಲ್ಲಿ ಟ್ರಿಬ್-3 ಕಾಪ್1ನ್ನು ಕರೆತಂದು, ಕೊಬ್ಬು ತಯಾರಿಸುವ ಅಸಿಟೈಲ್ ಕೋಎ ಕಾರ್ಬಾಕ್ಸಿಲೇಸ್ ಎಂಬ ಕಿಣ್ವವನ್ನು ಒಡೆಸಿಹಾಕುತ್ತದೆ. ಕೊಬ್ಬಿನ ಅಂಗಾಂಶದಲ್ಲಿ ಟ್ರಿಬ್-3 ಹೆಚ್ಚಿಸಿದ ಇಲಿಗಳು ಕೊಬ್ಬು ತುಂಬಿದ ಆಹಾರ ತಿಂದರೂ ಬೊಜ್ಜಿನಿಂದ ಬಚಾವಾದವು. ಅಂದರೆ ಅದೇ ತಂಡ, ಅದೇ ಪ್ರೋಟೀನ್. ಲಿವರ್‌ನಲ್ಲಿ ಸಕ್ಕರೆ ಏರಿಸುವ ಆರೋಪಿ, ಕೊಬ್ಬಿನಲ್ಲಿ ಬೊಜ್ಜು ತಡೆಯುವ ಕಾವಲುಗಾರ.

2010ರಲ್ಲಿ ಇನ್ಸುಲಿನ್ ತಯಾರಿಸುವ ಮೇದೋಜ್ಜೀರಕದ ಬೀಟಾ ಕೋಶಗಳ ಸರದಿ. 2003ರ ಪ್ರಬಂಧದ ಲೇಖಕರಲ್ಲಿ ಒಬ್ಬರಾದ ರೋಹಿತ್ ಕುಲಕರ್ಣಿ ಅವರ ತಂಡ ಈ ಕೆಲಸ ಮಾಡಿತು. ಬೀಟಾ ಕೋಶದಲ್ಲಿ ಟ್ರಿಬ್-3 ಎಟಿಎಫ್4 ಜೊತೆ ಸೇರಿ ಇನ್ಸುಲಿನ್ ಹೊರಬರುವುದನ್ನೇ ತಗ್ಗಿಸುತ್ತದೆ ಎಂದು ಇಲಿ ಮತ್ತು ಮನುಷ್ಯರ ಕೋಶಗಳಲ್ಲಿ ಕಂಡುಬಂತು. ಇದು ಇಟಲಿಯ ಅಧ್ಯಯನದ ಅರ್ಥವನ್ನೂ ಬದಲಿಸುತ್ತದೆ. 84ನೇ ಜಾಗದ ಬದಲಾವಣೆ ಇರುವ ವ್ಯಕ್ತಿಯ ಸಕ್ಕರೆ ಏರಿದ್ದರೆ ಅದಕ್ಕೆ ಲಿವರ್ ಒಂದೇ ಕಾರಣ ಎನ್ನಲಾಗದು. ಆ ವ್ಯಕ್ತಿಯ ಪ್ರತಿ ಕೋಶದಲ್ಲೂ ಅದೇ ಬದಲಾವಣೆ ಇರುತ್ತದೆ. 2013ರಲ್ಲಿ ಸ್ನಾಯುವಿನ ಬಗ್ಗೆಯೂ ಇಂಥದ್ದೇ ಮಾಹಿತಿ ಬಂತು. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಒತ್ತಡಕ್ಕೆ ಒಳಗಾದ ಸ್ನಾಯು ಗ್ಲೂಕೋಸ್ ಹೀರಿಕೊಳ್ಳಲು ಹಿಂದೇಟು ಹಾಕುವುದರ ಹಿಂದೆ ಟ್ರಿಬ್-3 ಇತ್ತು.

ನನ್ನ ಮಟ್ಟಿಗೆ ಈ ಪ್ರಕರಣದ ಅತಿ ಮುಖ್ಯ ಸಾಕ್ಷ್ಯ 2011ರದು. ಇನ್ಸುಲಿನ್ ಪ್ರತಿರೋಧ ಬಂದ ರ‍್ಯಾಟ್‌ಗಳಿಗೆ ಟ್ರಿಬ್-3 ಆರ್‌ಎನ್‌ಎಯನ್ನು ಗುರಿಯಾಗಿಸಿದ ಒಂದು ಔಷಧಿಯಂತಹ ಅಣುವನ್ನು ಕೊಟ್ಟರು. ಲಿವರ್ ಮತ್ತು ಕೊಬ್ಬಿನ ಅಂಗಾಂಶ ಎರಡರಲ್ಲೂ ಟ್ರಿಬ್-3 ಇಳಿಯಿತು. ದೇಹ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸತೊಡಗಿತು. ಇಲ್ಲಿಗೆ 2003ರ ವಾದ ಗೆದ್ದಂತೆ ಕಾಣುತ್ತದೆ. ಆದರೆ ಸುಧಾರಣೆ ಬಂದದ್ದು ಪಿಪಿಎಆರ್-ಗಾಮಾ ಎಂಬ ಪ್ರೋಟೀನಿನ ಮೂಲಕ. ಅದು ಕೊಬ್ಬಿನ ಕೋಶಗಳನ್ನು ಬೆಳೆಸಿ, ದೇಹದ ಕೊಬ್ಬನ್ನು ಅದರ ಸರಿಯಾದ ಜಾಗದಲ್ಲೇ ಇರಿಸುವ ಪ್ರೋಟೀನ್. ಪಿಪಿಎಆರ್-ಗಾಮಾವನ್ನು ತಡೆದಾಗ ಲಾಭವೂ ಹೋಯಿತು. ಟ್ರಿಬ್-3 ಪಿಪಿಎಆರ್-ಗಾಮಾದ ಕೆಲಸವನ್ನು ತಗ್ಗಿಸುತ್ತದೆ ಎಂಬುದು ಅದಕ್ಕೂ ಮೊದಲೇ ಗೊತ್ತಿತ್ತು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ‘ಟ್ರಿಬ್-3 ಕಡಿಮೆಯಾದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ’ ಎಂಬ ಮಾತು ಸರಿಯಾಗಿರಬಹುದು. ‘ಏಕೆಂದರೆ ಲಿವರ್‌ನಲ್ಲಿ ಎಕೆಟಿ ಬಿಡುಗಡೆಯಾಗುತ್ತದೆ’ ಎಂಬ ಕಾರಣ ತಪ್ಪಾಗಿರಬಹುದು. ವಿವಾದ ಇಷ್ಟು ವರ್ಷ ಎಳೆದಾಡಿದ್ದು ಈ ಎರಡು ವಾಕ್ಯಗಳನ್ನು ಒಂದೇ ಎಂದು ತಿಳಿದದ್ದರಿಂದ.

ಎಕೆಟಿ ಮತ್ತೆ ಎದುರಾದ ಜಾಗ

ಹಾಗಾದರೆ ಟ್ರಿಬ್-3 ಎಕೆಟಿಯನ್ನು ತಡೆಯುವುದೇ ಸುಳ್ಳಾ? ಇಲ್ಲ. ಆ ಮಾತು ಕ್ಯಾನ್ಸರ್ ಕೋಶಗಳಲ್ಲಿ ಮತ್ತೆ ಎದ್ದು ನಿಂತಿತು. ಮ್ಯಾಡ್ರಿಡ್‌ನಲ್ಲಿ ಗಿಯೆರ್ಮೊ ವೆಲಾಸ್ಕೊ ಮತ್ತು ಸಂಗಡಿಗರು ಗಾಂಜಾದಲ್ಲಿರುವ ಟಿಎಚ್‌ಸಿ ಅಣು ಗಡ್ಡೆಯ ಕೋಶಗಳನ್ನು ಹೇಗೆ ಕೊಲ್ಲುತ್ತದೆ ಎಂದು ಹುಡುಕುತ್ತಿದ್ದರು. ಒತ್ತಡ, ಎಟಿಎಫ್4, ಚಾಪ್, ಟ್ರಿಬ್-3, ಅಲ್ಲಿಂದ ಎಕೆಟಿಯ ತಡೆ, ಕೋಶ ತನ್ನನ್ನು ತಾನೇ ಜೀರ್ಣಿಸಿಕೊಳ್ಳುವ ಆಟೋಫೇಜಿ, ಕೊನೆಗೆ ಸಾವು. ಈ ಸರಪಳಿಯನ್ನು ಅವರು 2006 ಮತ್ತು 2009ರ ಪ್ರಬಂಧಗಳಲ್ಲಿ ಬಿಡಿಸಿ ತೋರಿಸಿದರು. 2015ರಲ್ಲಿ, ಟ್ರಿಬ್-3 ಕಳೆದುಕೊಂಡ ಕೋಶಗಳಲ್ಲಿ ಎಕೆಟಿಯ 473ನೇ ಜಾಗದ ಫಾಸ್ಫೇಟ್ ಹೆಚ್ಚಾಗಿ ಗಡ್ಡೆಗಳು ಜೋರಾಗಿ ಬೆಳೆಯುತ್ತವೆ ಎಂದೂ ವರದಿ ಮಾಡಿದರು. ಇಲ್ಲಿ ಟ್ರಿಬ್-3 ಗಡ್ಡೆಯನ್ನು ಹತ್ತಿಕ್ಕುವ ಪ್ರೋಟೀನ್.

ಅದೇ 2015ರಲ್ಲಿ ಬೀಜಿಂಗ್‌ನ ಒಂದು ತಂಡ ನೇರ ಉಲ್ಟಾ ಮಾತು ಹೇಳಿತು. ಅವರ ಪ್ರಯೋಗಗಳಲ್ಲಿ ಟ್ರಿಬ್-3 ಪಿ62 ಎಂಬ ಪ್ರೋಟೀನನ್ನು ಹಿಡಿದು ಆಟೋಫೇಜಿಯನ್ನೇ ಕಟ್ಟಿಹಾಕುತ್ತದೆ. ಒಡೆದುಹೋಗಬೇಕಿದ್ದ ಕ್ಯಾನ್ಸರ್ ಪೋಷಕ ಪ್ರೋಟೀನುಗಳು ಉಳಿದುಕೊಳ್ಳುತ್ತವೆ, ಗಡ್ಡೆ ಬೆಳೆಯುತ್ತದೆ. ಒಂದು ಕಡೆ ಆಟೋಫೇಜಿ ಶುರು ಮಾಡುವ ಪ್ರೋಟೀನ್, ಇನ್ನೊಂದು ಕಡೆ ಅದನ್ನೇ ನಿಲ್ಲಿಸುವ ಪ್ರೋಟೀನ್. ಎಕೆಟಿಯನ್ನು ಹಿಡಿದಾಗ ಒಂದು ಫಲ, ಪಿ62 ಹಿಡಿದಾಗ ಇನ್ನೊಂದು. ಲಿವರ್‌ನ ಗೊಂದಲ ಅರ್ಥವಾದವರಿಗೆ ಇದು ಆಶ್ಚರ್ಯ ತರುವುದಿಲ್ಲ.

ಸ್ತನ ಕ್ಯಾನ್ಸರ್‌ನಲ್ಲಿ ಇನ್ನೊಂದು ಎಚ್ಚರಿಕೆಯಿದೆ. 2011ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ರೋಗಿಗಳ ಗಡ್ಡೆಗಳಲ್ಲಿ ಟ್ರಿಬ್-3 ಅಳೆದರು. ಆರ್‌ಎನ್‌ಎ ಹೆಚ್ಚಿದ್ದವರ ಪರಿಸ್ಥಿತಿ ಮುಂದೆ ಕೆಟ್ಟದಾಗಿತ್ತು. ಪ್ರೋಟೀನ್ ಹೆಚ್ಚಿದ್ದವರ ಪರಿಸ್ಥಿತಿ ಒಳ್ಳೆಯದಿತ್ತು! ಆರ್‌ಎನ್‌ಎ ಏರಿದೆ ಎಂದರೆ ಕೋಶಕ್ಕೆ ಒತ್ತಡ ಬಂದಿದೆ ಎಂಬ ಸುದ್ದಿ. ಪ್ರೋಟೀನ್ ಇದೆ ಎಂದರೆ ಕೆಲಸಗಾರ ಸ್ಥಳದಲ್ಲಿದ್ದಾನೆ ಎಂದರ್ಥ. ಎರಡೂ ಬೇರೆ. ಬರೀ ಆರ್‌ಎನ್‌ಎ ಅಳೆದು ಟ್ರಿಬ್-3ರ ಬಗ್ಗೆ ತೀರ್ಮಾನ ಬರೆದ ಪ್ರಬಂಧಗಳನ್ನು ನಾನು ಅರ್ಧ ನಂಬಿಕೆಯಿಂದಲೇ ಓದುತ್ತೇನೆ.

ನರಕೋಶ ಮತ್ತು ಕಿಡ್ನಿಯ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಾರ್ಕಿನ್ಸನ್ಸ್‌ನಿಂದ ತೀರಿಕೊಂಡವರ ಮೆದುಳಿನಲ್ಲಿ, ಡೋಪಮಿನ್ ತಯಾರಿಸುವ ನರಕೋಶಗಳೊಳಗೆ ಟ್ರಿಬ್-3 ಹೆಚ್ಚಾಗಿರುವುದನ್ನು 2015ರಲ್ಲಿ ಲಾಯ್ಡ್ ಗ್ರೀನ್ ಅವರ ತಂಡ ವರದಿ ಮಾಡಿತು. ಪ್ರಯೋಗಾಲಯದ ಮಾದರಿಗಳಲ್ಲಿ ಅದನ್ನು ಕಡಿಮೆ ಮಾಡಿದರೆ ನರಕೋಶಗಳು ಹೆಚ್ಚು ಬದುಕಿದವು. ಮಧುಮೇಹಿ ಇಲಿಗಳ ಕಿಡ್ನಿಯಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಟ್ರಿಬ್-3 ಇಲ್ಲದಿದ್ದರೆ ಉರಿಯೂತ ಹೆಚ್ಚಾಯಿತು. ಅಂದರೆ ಮಧುಮೇಹಕ್ಕೆ ಔಷಧಿ ಎಂದು ಇಡೀ ದೇಹದಲ್ಲಿ ಟ್ರಿಬ್-3ನ್ನು ತೆಗೆಯಲು ಹೊರಟರೆ, ಮಧುಮೇಹ ಮೊದಲೇ ಹಾಳು ಮಾಡುವ ಅಂಗಗಳಲ್ಲಿ ಒಂದಾದ ಕಿಡ್ನಿಗೆ ನಾವೇ ಪೆಟ್ಟು ಕೊಟ್ಟಂತಾಗಬಹುದು.

ಮುಂದಿನ ದಾರಿ

ಒಂದು ಜೋಡಿಯನ್ನು ಮಾತ್ರ ಬಿಡಿಸುವ ಪ್ರಯತ್ನ ಆಗಲೇ ಆಗಿದೆ. ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಪಿಎಂಎಲ್-ಆರ್‌ಎಆರ್ ಆಲ್ಫಾ ಎಂಬ ಕೂಡುಪ್ರೋಟೀನ್ ರೋಗಕ್ಕೆ ಮೂಲ. ಟ್ರಿಬ್-3 ಅದನ್ನು ಹಿಡಿದು ಒಡೆಯದಂತೆ ಉಳಿಸುತ್ತದೆ ಎಂದು ಬೀಜಿಂಗ್ ತಂಡ 2017ರಲ್ಲಿ ತೋರಿಸಿತು. ಈ ಇಬ್ಬರ ನಡುವೆ ನುಗ್ಗುವ ಒಂದು ಚಿಕ್ಕ ಪೆಪ್ಟೈಡ್ ತಯಾರಿಸಿ ಇಲಿಗಳಿಗೆ ಕೊಟ್ಟಾಗ ಆ ಕೂಡುಪ್ರೋಟೀನ್ ಬೇಗ ಒಡೆದು ರೋಗ ಹಿಂದೆ ಸರಿಯಿತು. ಹೀಗೆ ಮಾಡುವಾಗ ಟ್ರಿಬ್-3ನ್ನು ದೇಹದಿಂದ ಅಳಿಸಬೇಕಾಗಿಲ್ಲ. ಅದರ ಒಂದು ಹಿಡಿತ ಬಿಡಿಸಿದರೆ ಸಾಕು. ಉಳಿದ ಹಿಡಿತಗಳು ಹಾಗೇ ಇರುತ್ತವೆ.

ಲಿವರ್‌ನ ಪ್ರಶ್ನೆಗೂ ಇದೇ ದಾರಿ ಹೊಂದುತ್ತದೆ ಎಂದು ನಾನು ಬಲವಾಗಿ ನಂಬುತ್ತೇನೆ. ಜೀನನ್ನು ಪೂರ್ತಿ ತೆಗೆದ ಇಲಿಯಲ್ಲಿ ಎಲ್ಲ ಜೋಡಿಗಳೂ ಒಟ್ಟಿಗೇ ಮಾಯವಾಗುತ್ತವೆ. ಕೊಬ್ಬಿನಲ್ಲಿ ಆಗುವ ನಷ್ಟ, ಬೀಟಾ ಕೋಶದಲ್ಲಿ ಆಗುವ ಲಾಭ, ಲಿವರ್‌ನಲ್ಲಿ ಆಗುವುದು, ಮೂರೂ ಕಲಸಿಹೋಗಿ ಕೊನೆಗೆ ಸಕ್ಕರೆಯ ಒಂದೇ ಅಂಕಿ ಸಿಗುತ್ತದೆ. ಅದರ ಬದಲು, ಟ್ರಿಬ್-3 ಮಾಮೂಲಿ ಮಟ್ಟದಲ್ಲೇ ತಯಾರಾಗುವ, ಕಾಪ್1, ಎಟಿಎಫ್4, ಪಿಪಿಎಆರ್-ಗಾಮಾಗಳ ಜೊತೆಗಿನ ವ್ಯವಹಾರ ಎಂದಿನಂತೆ ನಡೆಯುವ, ಎಕೆಟಿಯನ್ನು ಹಿಡಿಯುವ ಭಾಗ ಮಾತ್ರ ಬದಲಾದ ಇಲಿ ಬೇಕು. ಬದಲಾವಣೆ ಲಿವರ್‌ನಲ್ಲಷ್ಟೇ ಇರಬೇಕು, ಅದೂ ಪ್ರಾಯಕ್ಕೆ ಬಂದ ಮೇಲೆ ಜಾರಿಗೆ ಬರಬೇಕು. ಆಮೇಲೆ ಆ ಇಲಿಗೆ ಕೊಬ್ಬು ತುಂಬಿದ ಆಹಾರ ಕೊಟ್ಟು ಲಿವರ್‌ನಲ್ಲಿ ಒತ್ತಡ ಏರುವಂತೆ ಮಾಡಿ, ಟ್ರಿಬ್-3 ಪ್ರೋಟೀನ್ ಮತ್ತು ಎಕೆಟಿ ಎರಡನ್ನೂ ಎಣಿಸಿ, 308 ಮತ್ತು 473ನೇ ಜಾಗಗಳ ಫಾಸ್ಫೇಟ್ ಅಳೆಯಬೇಕು. ಅಲ್ಲಿ ಎಕೆಟಿ ಚುರುಕಾಗಿ ಸಕ್ಕರೆ ಇಳಿದರೆ 2003ರ ಕಾರಣ ನಿಲ್ಲುತ್ತದೆ. ಇಳಿಯದಿದ್ದರೆ ಲಿವರ್‌ನ ಎಕೆಟಿಯನ್ನು ಬಿಟ್ಟು ಕೊಬ್ಬಿನ ಅಂಗಾಂಶದ ಕಡೆಗೇ ಹುಡುಕಾಟ ಸಾಗಬೇಕು.